‘ಡಿಸ್ಕ್ರೈಬ್’ ಮಾಡುವುದಕ್ಕೆ ಕನ್ನಡದಲ್ಲಿ ಏನು ಹೇಳೋಣ? ಜೊತೆಗೆ ‘ಮೆಟ್ಟಾಡೆ’

ಗೆಳೆಯರೇ, ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗಾಗಿ ಕಾಡಿನ, ಹೊಲದ ಇಲಿ ಅಳಿಲುಗಳ ಬಗ್ಗೆ ಸಣ್ಣ ಪುಸ್ತಕ ಬರೆಯುತ್ತಿದ್ದೇನೆ. ಒಂದೇ ಒಂದು ವಾಕ್ಯಕ್ಕೆ ಮೂರು ದಿನದಿಂದ ಒದ್ದಾಡುತ್ತಿದ್ದೇನೆ.

ವಾಕ್ಯ ಇದು: 1913ರಲ್ಲಿ ಪ್ರಾಣಿವಿಜ್ಞಾನಿ ಕ್ಯಾಥ್ಲೀನ್ ರೈಲಿ ಕೊಡಗಿನ ಶ್ರೀಮಂಗಲದ ಒಂದು ಅಳಿಲನ್ನು ‘ಡಿಸ್ಕ್ರೈಬ್’ ಮಾಡಿದರು. ಮೊದಲು ‘ವರ್ಣಿಸಿದರು’ ಅಂತ ಬರೆದೆ. ಓದಿ ನೋಡಿದರೆ ಅಳಿಲಿನ ಅಂದಚೆಂದ ಹೊಗಳಿ ಪದ್ಯ ಕಟ್ಟಿದ ಹಾಗಿದೆ. ‘ಕಂಡುಹಿಡಿದರು’ ಅನ್ನೋಣ ಅಂದರೆ ಅದು ಸುಳ್ಳು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸರ್ವೆಗಾಗಿ ಕೊಡಗಿನಲ್ಲಿ ತಿರುಗಿ ಪ್ರಾಣಿಗಳನ್ನು ಹಿಡಿದು ಕಳಿಸಿದವರು ಶಾರ್ಟ್‌ರಿಜ್. ಊರಿನ ಜನಕ್ಕಂತೂ ಆ ಅಳಿಲು ದಿನಾ ಕಣ್ಣಿಗೆ ಬೀಳುವಂಥದ್ದು.

ಹಾಗಾದರೆ ರೈಲಿ ಮಾಡಿದ್ದೇನು? ಈ ಕೆಲಸ ಹೀಗಿರುತ್ತದೆ. ಹತ್ತಿ ತುಂಬಿದ ಒಣ ತೊಗಲುಗಳು ಸಾಲಾಗಿ ಮಲಗಿರುತ್ತವೆ. ಒಂದೊಂದರ ಕಾಲಿಗೂ ಚೀಟಿ. ಅದರಲ್ಲಿ ತಲೆ-ಮೈ ಉದ್ದ, ಬಾಲ, ಹಿಂಗಾಲು, ಕಿವಿ, ಸಿಕ್ಕಿದ ಊರು, ದಿನ. ತಲೆಬುರುಡೆ ಬೇರೆ ಇಟ್ಟಿರುತ್ತಾರೆ. ಬೆನ್ನಿನ ಬಣ್ಣ, ಹೊಟ್ಟೆಯ ಕೂದಲು, ಬುರುಡೆಯ ಅಳತೆ, ಹಲ್ಲಿನ ಸಾಲು ಎಲ್ಲವನ್ನೂ ಅಕ್ಕಪಕ್ಕದ ಸೀಮೆಯ ಅಳಿಲುಗಳ ಜೊತೆ ಹೋಲಿಸಬೇಕು. ಎಲ್ಲಿ ಬೇರೆ ಅಂತ ಬರೆಯಬೇಕು, ಹೆಸರು ಕೊಟ್ಟು ಅಚ್ಚು ಹಾಕಿಸಬೇಕು. ಇಷ್ಟೂ ಸೇರಿದರೆ ಅದು ‘ಡಿಸ್ಕ್ರೈಬ್’. ಶ್ರೀಮಂಗಲದ ಅಳಿಲಿಗೆ ಈಗ ಫ್ಯುನಾಂಬ್ಯುಲಸ್ ಟ್ರೈಸ್ಟ್ರಿಯೇಟಸ್ ರಾಟನಿ ಅಂತ ಮೂರು ಪದದ ವೈಜ್ಞಾನಿಕ ಹೆಸರಿದೆ. ನಡುವಿನ ಪದಕ್ಕೆ ಮೂರು ಪಟ್ಟೆಯದು ಅಂತ ಅರ್ಥ. ಕೊನೆಯದು ಆ ಸರ್ವೆಯ ಹಿಂದಿದ್ದ ರಾಟನ್ ಅವರ ಹೆಸರು.

ನನಗೆ ಸದ್ಯ ಹೊಳೆದದ್ದು ‘ಗುರುತು ಬರೆದು ಹೆಸರಿಟ್ಟರು’. ಉದ್ದ ಆಯ್ತು, ನಿಜ. ಆದರೆ ಸುಳ್ಳಿಲ್ಲ. ಇದಕ್ಕಿಂತ ಚಿಕ್ಕದು ನಿಮಗೆ ಹೊಳೆಯುತ್ತದೆಯೇ?

ಇನ್ನು ‘ಸಬ್‌ಸ್ಪೀಶೀಸ್’. ಅಂದರೆ ಒಂದೇ ಬಗೆಯ ಪ್ರಾಣಿಯೊಳಗೆ ಸೀಮೆಯಿಂದ ಸೀಮೆಗೆ ತುಸು ಬೇರೆಯಾಗಿ ಕಾಣುವ ಗುಂಪು. ಮೂರು ಪದದ ಹೆಸರಿನಲ್ಲಿ ಕೊನೆಯ ಪದ ಅದರದ್ದು. ಪಠ್ಯಪುಸ್ತಕದ ‘ಉಪಪ್ರಭೇದ’ ಮಕ್ಕಳ ನಾಲಿಗೆಗೆ ಸುಲಭ ಅಲ್ಲ. ‘ತಳಿ’ ಚೆನ್ನಾಗಿದೆ, ಆದರೆ ಅದು ನಾವು ಸಾಕಿ ಬೆಳೆಸಿದ್ದಕ್ಕೆ ಹೇಳುವ ಮಾತು. ಕಾಡಿನ ಅಳಿಲಿಗೆ ಹೊಂದುವುದಿಲ್ಲ. ‘ಒಳಜಾತಿ’ ಅಂದರೆ ಮನಸ್ಸು ಬೇರೆಲ್ಲೋ ಹೋಗುತ್ತದೆ. ನನ್ನ ಓಟು ‘ಒಳಬಗೆ’ಗೆ.

ಎರಡನೇ ಪ್ರಶ್ನೆ ನನಗೆ ಇನ್ನೂ ಹತ್ತಿರದ್ದು. ಧಾರವಾಡ ಸೀಮೆಯ ಹೊಲದ ಇಲಿಯೊಂದಕ್ಕೆ 1837ರಲ್ಲಿ ಲಂಡನ್ನಿನ ಪ್ರಾಣಿವಿಜ್ಞಾನಿ ಗ್ರೇ ‘ಮೆಲ್ಟಾಡ’ ಅಂತ ಹೆಸರಿಟ್ಟರು. ಈಗ ಅದರ ವೈಜ್ಞಾನಿಕ ಹೆಸರು ಮಿಲ್ಲಾರ್ಡಿಯ ಮೆಲ್ಟಾಡ. ಈ ಪದ ಲ್ಯಾಟಿನ್ ಅಲ್ಲವೇ ಅಲ್ಲ, ನಮ್ಮ ಕಡೆಯದು! ಧಾರವಾಡದಲ್ಲಿ ಕಂಪನಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಅಚ್ಚಾದ ತಮ್ಮ ಸಸ್ತನಿಗಳ ಪಟ್ಟಿಯಲ್ಲಿ, ವಡ್ಡರು ಇದನ್ನು ‘ಮೆಟ್ಟಾಡೆ’ ಅನ್ನುತ್ತಾರೆ ಎಂದು ಬರೆದಿದ್ದಾರೆ. ‘ಟ್ಟ’ ಇದ್ದದ್ದು ‘ಲ್ಟ’ ಆಗಿ ಹೋಯ್ತು, ಹಾಗೇ ನಿಂತುಬಿಟ್ಟಿತು.

ಎಲಿಯಟ್ ಈ ಇಲಿಯ ಬದುಕನ್ನೂ ಕಣ್ಣಾರೆ ಕಂಡು ಬರೆದಿದ್ದಾರೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಟ್ಟಾಗ ಆ ಬಿರುಕುಗಳಲ್ಲೇ ಇದರ ಸಂಸಾರ. ಮಳೆ ಬಿದ್ದು ಬಿರುಕು ಮುಚ್ಚಿದಾಗ ಲೆಕ್ಕವಿಲ್ಲದಷ್ಟು ಸಾಯುತ್ತವೆ. 1826ರಲ್ಲಿ ಮುಂಗಾರು ಕೈಕೊಟ್ಟಿತು. ಇಲಿಗಳು ವಿಪರೀತ ಹೆಚ್ಚಿ ಬಿತ್ತಿದ ಬೀಜವನ್ನೇ ತಿಂದುಹಾಕಿದವು. ಆಗ ರೈತರು ವಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಅಂತ ಕೂಲಿ. ಅಷ್ಟು ಇಲಿಗಳನ್ನು ಕೈಯಲ್ಲಿ ಹಿಡಿದು ನೋಡಿದವರ ಬಾಯಿಂದ ಬಂದ ಹೆಸರು ಇದು. ಬಹಳ ಬೆಲೆಯುಳ್ಳದ್ದು ಅನ್ನಿಸುತ್ತದೆ ನನಗೆ.

ಈಗ ನನ್ನ ಊಹೆ. ಈ ಇಲಿಯ ಮೈಕೂದಲು ಮೃದು. ಇಂಗ್ಲಿಷ್ ಹೆಸರಿನಲ್ಲೂ ಅದೇ ಇದೆ. ಕನ್ನಡದ ‘ಮೆತ್ತಗೆ’, ತೆಲುಗಿನ ‘ಮೆತ್ತನಿ’ ಎರಡೂ ನಮಗೆ ಗೊತ್ತು. ವಡ್ಡರ ಮನೆಮಾತು ತೆಲುಗಿಗೆ ಹತ್ತಿರ. ಎಲಿಯಟ್ ಅವರಿಂದ ಕೇಳಿ ಬರೆದ ಬೇರೆ ಹೆಸರುಗಳಲ್ಲಿ ‘ಎಲುಕ’ ಬರುತ್ತದೆ. ಅದು ಇಲಿಗೆ ತೆಲುಗಿನ ಮಾತು. ಇಂಗ್ಲಿಷ್ ಅಕ್ಷರದಲ್ಲಿ ತ, ಟ ಎರಡಕ್ಕೂ ಒಂದೇ ಗುರುತು, ಅಲ್ವಾ? ಹಾಗಾದರೆ ‘ಮೆಟ್ಟಾಡೆ’ ನಿಜವಾಗಿ ‘ಮೆತ್ತ’ದಿಂದ ಬಂದಿರಬಹುದೇ? ಅಥವಾ ‘ಮೆಟ್ಟು’ವಿಗೆ ಏನಾದರೂ ನಂಟಿದೆಯೇ?

ಧಾರವಾಡ, ಗದಗ, ಹಾವೇರಿ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ನೋಡಿ. ವಡ್ಡರ ಮನೆಮಾತು ಬಲ್ಲವರಿದ್ದರೆ ಇನ್ನೂ ಒಳ್ಳೆಯದು. ಎರೆ ಹೊಲದ ಬಿರುಕಿನಲ್ಲಿರುವ ಆ ಮೆತ್ತನೆ ಕೂದಲಿನ ಬೂದುಗಂದು ಇಲಿಗೆ ಈಗ ಏನಂತ ಕರೆಯುತ್ತಾರೆ? ಹೆಸರನ್ನು ಕೇಳಿದ ಹಾಗೇ ಬರೆದು ಕಳಿಸಿ. ತ ಇದ್ದರೆ ತ, ಟ ಇದ್ದರೆ ಟ.