ಚಿಕ್ಕಪ್ಪನ ಫಾರ್ವರ್ಡ್, ಅಜ್ಜಿಯ ಮೂರನೇ ಚರಣ

ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ನಸುಕಿನಲ್ಲೇ ಒಂದು ಫಾರ್ವರ್ಡ್ ಹಾಕಿದರು. ಮೇಲೆ ಜೋಡಿ ಬಾಣದ ಗುರುತು. ಅಂದರೆ ಲೋಕವೆಲ್ಲ ಸುತ್ತಿ ಬಂದ ಸರಕು.

“ಎಚ್ಚರ!!! ಸತ್ತ ಗಾಯಕರ ಕೈಲಿ ಕಂಪನಿಗಳು ಹಾಡಿಸುತ್ತಿವೆ!!! ಮೈಕೆಲ್ ಜಾಕ್ಸನ್ ಸತ್ತ ಮೇಲೆ ಬಂದ ಆಲ್ಬಂ ಪೂರ್ತಿ ಎಐ ಹಾಡಿದ್ದು. ಗ್ರ್ಯಾಮಿ ಗೆದ್ದ ಬೀಟಲ್ಸ್ ಹಾಡೂ ಎಐ. ನಾಳೆ ನಿಮ್ಮದೇ ದನಿಯಲ್ಲಿ ನಿಮ್ಮ ಮಕ್ಕಳಿಗೆ ಫೋನ್ ಬರುತ್ತದೆ. ವಾಯ್ಸ್ ಮೆಸೇಜುಗಳನ್ನು ಈಗಲೇ ಅಳಿಸಿ. ಎಲ್ಲ ಗುಂಪಿಗೂ ಕಳಿಸಿ.”

ಕೆಳಗೆ ಅವರ ಸ್ವಂತ ಮಾತು ಒಂದೇ: “ಕಾಲ ಕೆಟ್ಟಿತು.”

ಚಿಕ್ಕಪ್ಪನಿಗೆ ಜಾಕ್ಸನ್ನೂ ಬೇಕಿಲ್ಲ, ಇಂಗ್ಲೆಂಡಿನ ನಾಲ್ವರ ಹಾಡಿನ ತಂಡ ಬೀಟಲ್ಸೂ ಬೇಕಿಲ್ಲ. ಅವರಿಗೆ ಹಿಡಿಸಿದ್ದು ಫೋನ್ ಬರುತ್ತದೆ ಅನ್ನುವ ಸಾಲು. ದನಿ ಕದ್ದು ದುಡ್ಡು ಹೊಡೆಯುವವರ ಭಯ ಅವರಿಗೆ ಎಷ್ಟಿದೆ ಅಂದರೆ, ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತುತ್ತಾರೆ, ಆದರೆ ಆ ಕಡೆಯವರು ಬಾಯಿ ಬಿಡುವ ತನಕ ಹಲೋ ಅನ್ನುವುದಿಲ್ಲ. ಇಬ್ಬರೂ ಸುಮ್ಮನೆ ಕಾಯುತ್ತಾ ಇರುತ್ತಾರೆ.

ಮೊದಲ ಉತ್ತರ ಚಿಕ್ಕಮ್ಮನದು. “ಓಂ ಶಾಂತಿ. ಯಾರು ಹೋದದ್ದು?”

ಅದನ್ನು ನೋಡಿ ಇನ್ನಿಬ್ಬರು “ಓಂ ಶಾಂತಿ” ಹಾಕಿದರು. ಯಾರೂ ಹೋಗಿಲ್ಲ ಅಂತ ನಾನು ಬರೆಯುವಷ್ಟರಲ್ಲಿ ದೊಡ್ಡಪ್ಪ ಎದ್ದಿದ್ದರು.

ದೊಡ್ಡಪ್ಪ: “ಸತ್ತವರನ್ನು ನೆಮ್ಮದಿಯಾಗಿ ಇರಲು ಬಿಡಬೇಕು. ದುಡ್ಡಿನ ಆಸೆಗೆ ಒಂದು ಮಿತಿ ಬೇಡವೇ? ನಮ್ಮ ಕಾಲದಲ್ಲಿ ಸಂಗೀತ ಅಂದರೆ ತಪಸ್ಸು. ಇಂದಿನ ಹುಡುಗರು ಯೋಚಿಸಬೇಕು.”

ಇಂದಿನ ಹುಡುಗರು ಅಂದರೆ ನಾವು. ಆ ಬೀಟಲ್ಸ್ ಹಾಡನ್ನು ಮುಗಿಸಿ ಹೊರತಂದ, ಅದೇ ತಂಡದ ಪಾಲ್ ಮೆಕಾರ್ಟ್ನಿಗೆ ಆಗ 81 ವರ್ಷ. ದೊಡ್ಡಪ್ಪನಿಗಿಂತ ದೊಡ್ಡ ಹುಡುಗ.

ಇನ್ನು ಭಾವ ಸುಮ್ನಿರುತ್ತಾರಾ? ಗುಡ್ ಮಾರ್ನಿಂಗ್ ಅಂದರೂ ಮೂಲ ಕೇಳುವ ಮನುಷ್ಯ.

ಭಾವ: “ಮೂಲ ಎಲ್ಲಿ? ಲಿಂಕ್ ಕೊಡಿ.”

ಚಿಕ್ಕಪ್ಪ: “ಮೇಲೆ ಇದೆಯಲ್ಲ. ಓದಿ.”

ಭಾವ: “ಮೇಲೆ ಇರೋದು ಬರೀ ಆಶ್ಚರ್ಯಸೂಚಕ ಚಿಹ್ನೆ. ಜಾಕ್ಸನ್ ಆಲ್ಬಂ ಬಂದದ್ದು 2010ರ ಡಿಸೆಂಬರಲ್ಲಿ. ಆಗ ಹೀಗೆ ಹಾಡೋ ಎಐ ಎಲ್ಲಿತ್ತು? ತಕರಾರು ಇದ್ದದ್ದು ಮೂರು ಹಾಡಿನ ಮೇಲೆ. ಅದೂ ಬೇರೆ ಮನುಷ್ಯ ಹಾಡಿದ್ದಾನೆ ಅಂತ. ಮನುಷ್ಯ! ಕಂಪ್ಯೂಟರ್ ಅಲ್ಲ.”

ಭಾವ ಹೇಳಿದ್ದು ಸರಿ. ಹೇಳುವ ರೀತಿ ಸರಿ ಇಲ್ಲ, ಅದು ಬೇರೆ ಮಾತು. ಜಾಕ್ಸನ್ ತೀರಿಕೊಂಡದ್ದು 2009ರ ಜೂನ್ 25. ಮರುವರ್ಷ ‘ಮೈಕೆಲ್’ ಹೆಸರಿನ ಆಲ್ಬಂ ಬಂದಾಗ ಅಭಿಮಾನಿಗಳೇ ಮೊದಲು ಹುಬ್ಬೇರಿಸಿದರು. ಈ ಮೂರು ಹಾಡಿನಲ್ಲಿ ದನಿಯ ಕಂಪನ ಅವನದಲ್ಲ ಅಂದರು. ಒಬ್ಬ ಅಭಿಮಾನಿ 2014ರಲ್ಲಿ ಕೋರ್ಟಿಗೇ ಹೋದರು. ಕವರ್ ಮೇಲೆ ಅವನ ಹೆಸರು ಹಾಕಿ ಬೇರೆಯವರ ದನಿ ಮಾರಿದ್ದೀರಿ ಅನ್ನುವುದು ಅವರ ದೂರು. 2022ರಲ್ಲಿ ಆ ಮೂರೂ ಹಾಡನ್ನು ಸ್ಟ್ರೀಮಿಂಗ್ ತಾಣಗಳಿಂದ ತೆಗೆದರು. ತೆಗೆದದ್ದಕ್ಕೂ ದನಿ ಯಾರದ್ದು ಅನ್ನುವುದಕ್ಕೂ ಸಂಬಂಧವಿಲ್ಲ, ಈ ಚರ್ಚೆ ಇನ್ನು ಸಾಕು ಅನ್ನುವ ಅರ್ಥದ ಮಾತನ್ನು ಕಂಪನಿಯವರೂ ಜಾಕ್ಸನ್ ಆಸ್ತಿ ನೋಡಿಕೊಳ್ಳುವವರೂ ಹೇಳಿದರು. ನಮ್ಮ ಗುಂಪಿನ ಅಡ್ಮಿನ್ ಕೂಡ ಜಗಳ ಜಾಸ್ತಿಯಾದರೆ ಇದನ್ನೇ ಮಾಡುವುದು.

ಬೀಟಲ್ಸ್ ಕತೆ ಇನ್ನೂ ಬೇರೆ. ‘ನೌ ಅಂಡ್ ದೆನ್’ ಹಾಡನ್ನು ಹಾಡಿದ್ದು ತಂಡದ ಜಾನ್ ಲೆನನ್ನೇ. 1970ರ ದಶಕದ ಕೊನೆಯಲ್ಲಿ ಮನೆಯಲ್ಲಿ ಪಿಯಾನೋ ಮುಂದೆ ಕೂತು ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ. 1980ರ ಡಿಸೆಂಬರ್ 8ರಂದು ಅವನ ಕೊಲೆಯಾಯಿತು. 1994ರಲ್ಲಿ ಅವನ ಹೆಂಡತಿ ಯೋಕೋ ಓನೋ ಕ್ಯಾಸೆಟ್ಟನ್ನು ಮೆಕಾರ್ಟ್ನಿಗೆ ಕೊಟ್ಟರು. ತಂಡದ ಉಳಿದ ಮೂವರು 1995ರಲ್ಲಿ ಕೂತು ನೋಡಿದರು, ಆಗಲಿಲ್ಲ. ಪಿಯಾನೋ ದನಿಯ ಮೇಲೆ ಬಂದು ಕೂರುತ್ತಿತ್ತು, ಜೊತೆಗೆ ಕರೆಂಟಿನ ಗುಂಯ್ ಸದ್ದು. ಎಷ್ಟೋ ವರ್ಷದ ಮೇಲೆ ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ಸಾಫ್ಟ್‌ವೇರ್ ಪಿಯಾನೋದಿಂದ ದನಿಯನ್ನು ಬಿಡಿಸಿ ಕೊಟ್ಟಿತು. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ. ಕಲ್ಲು ಆರಿಸಿದವರು ಅಕ್ಕಿ ಬೆಳೆದರು ಅಂತ ಯಾರಾದರೂ ಹೇಳುತ್ತಾರಾ? ಹಾಡು 2023ರ ನವೆಂಬರ್ 2ರಂದು ಬಂತು, 2025ರಲ್ಲಿ ಗ್ರ್ಯಾಮಿಯೂ ಸಿಕ್ಕಿತು. 2001ರಲ್ಲೇ ತೀರಿಕೊಂಡ ಜಾರ್ಜ್ ಹ್ಯಾರಿಸನ್ ಆ 1995ರ ಪ್ರಯತ್ನದಲ್ಲಿ ನುಡಿಸಿದ್ದ ಗಿಟಾರ್ ಕೂಡ ಅದರಲ್ಲಿದೆ.

ಇಷ್ಟನ್ನೂ ನಾನು ಗುಂಪಿನಲ್ಲಿ ಬರೆದೆ. ಚಿಕ್ಕಮ್ಮ ಹೆಬ್ಬೆರಳು ಒತ್ತಿದರು. ‘ಇನ್ನಷ್ಟು ಓದಿ’ ಅಂತ ಬರುತ್ತಲ್ಲ, ಅದನ್ನು ಒತ್ತುವಷ್ಟು ಹೊತ್ತೂ ಕಳೆದಿರಲಿಲ್ಲ.

ಭಾವ ಮುಂದುವರಿಸಿದರು. “ನಿಜವಾದ ಎಐ ಪ್ರಶ್ನೆ ಬೇಕಾ? 2024ರಲ್ಲಿ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ದನಿಯನ್ನು ಎಐನಿಂದ ಒಂದು ಸಿನಿಮಾ ಹಾಡಿಗೆ ತಂದರು. ಎರಡೂ ಮನೆಯವರ ಒಪ್ಪಿಗೆ ಪಡೆದು, ದುಡ್ಡೂ ಕೊಟ್ಟು. ಎಸ್‌ಪಿಬಿ ದನಿಯನ್ನು ಕೇಳದೆ ಮಾಡಿಕೊಂಡರು ಅಂತ ಅವರ ಮನೆಯವರು ಒಂದು ತೆಲುಗು ಚಿತ್ರತಂಡಕ್ಕೆ ನೋಟಿಸ್ ಕೊಟ್ಟರು. ವ್ಯತ್ಯಾಸ ಗೊತ್ತಾಯ್ತಾ?”

ದೊಡ್ಡಪ್ಪ: “ಅದೇ ನಾನು ಹೇಳಿದ್ದು. ಮನೆಯವರ ಒಪ್ಪಿಗೆ ಮುಖ್ಯ.”

ಅವರು ಹಾಗೆ ಹೇಳಿರಲಿಲ್ಲ. ಆದರೆ ಆ ಮಾತಿನಿಂದ ಅತ್ತೆ ಎದ್ದರು.

ಅತ್ತೆ: “ಮನೆಯವರು ಅಂದ್ರೆ ಯಾರು? ಅಮ್ಮನ ಕ್ಯಾಸೆಟ್ಟಿಗೆ ಕೈ ಹಾಕುವಾಗ ನನ್ನ ಒಪ್ಪಿಗೆ ಯಾರು ಕೇಳಿದ್ರು?”

ಅಲ್ಲಿಗೆ ಬೀಟಲ್ಸ್ ಮುಗಿಯಿತು.

ಗೊತ್ತಿಲ್ಲದವರಿಗೆ ಹೇಳಬೇಕು. ಅಜ್ಜಿ ಹಾಡಿದ್ದು ಉಳಿದಿರುವುದು ಒಂದೇ ಕ್ಯಾಸೆಟ್ಟಿನಲ್ಲಿ. ಟೇಪ್ ರೆಕಾರ್ಡರ್ ಮುಂದೆ ಕೂರಿಸಿ, ಎರಡು ಬಟನ್ ಒಟ್ಟಿಗೆ ಒತ್ತಿ, ಯಾರೋ “ಹೂಂ, ಹಾಡು” ಅನ್ನುವುದರಿಂದ ಅದು ಶುರುವಾಗುತ್ತದೆ. ನಾಲ್ಕು ಚರಣದ ಹಾಡು. ಎರಡು ಚರಣ ಆಗುತ್ತಿದ್ದ ಹಾಗೆ ಟಕ್ ಅಂತ ಒಂದು ಸದ್ದು, ಆಮೇಲೆ ರೇಡಿಯೋದ ಕ್ರಿಕೆಟ್ ಕಾಮೆಂಟರಿ. ಚೆಂಡು ಬೌಂಡರಿ ಕಡೆ ಓಡುತ್ತಿರುವಾಗಲೇ ಮತ್ತೆ ಟಕ್. ಅಜ್ಜಿ ನಾಲ್ಕನೇ ಚರಣದ ನಡುವಿನಲ್ಲಿ ಸಿಗುತ್ತಾಳೆ. ಕೊನೆಗೆ “ಆಯ್ತಾ?” ಅಂತ ಕೇಳುತ್ತಾಳೆ.

ಅಜ್ಜಿ ಹೋದ ಮೇಲೆ ಚಿಕ್ಕಪ್ಪ ಇದನ್ನು ಸ್ಟುಡಿಯೋಗೆ ಒಯ್ದರು. ಕಾಮೆಂಟರಿ ತೆಗೆಸಿದರು. ಹಾರ್ಮೋನಿಯಂ ಸೇರಿಸಿದರು. ಹೋಗಿದ್ದ ಚರಣವನ್ನು ತಮ್ಮ ಮಗಳ ಕೈಲಿ ಹಾಡಿಸಿ, ದನಿ ಸ್ವಲ್ಪ ಇಳಿಸಿ, ಮೇಲೆ ಕ್ಯಾಸೆಟ್ಟಿನ ಸೊಯ್ಯೆನ್ನುವ ಸದ್ದು ಹಚ್ಚಿದರು. ‘ಅಮ್ಮನ ಪೂರ್ತಿ ಹಾಡು’ ಅಂತ ಎಲ್ಲರಿಗೂ ಪೆನ್ ಡ್ರೈವಿನಲ್ಲಿ ಹಂಚಿದರು. ದೊಡ್ಡಪ್ಪ ಕೇಳಿ ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ ಎರಡು ಸಲ ಕೇಳಿ, ಮೂರನೇ ಚರಣ ಅಮ್ಮನದಲ್ಲ ಅಂದರು. ಅಮ್ಮ ಸಾಲಿನ ನಡುವೆ ಉಸಿರು ತಗೊಳ್ತಿದ್ದಳು, ಇಲ್ಲಿ ಒಂದು ಸಲವೂ ತಗೊಂಡಿಲ್ಲ ಅಂತ.

ಈಗ ಫಾರ್ವರ್ಡನ್ನು ಇನ್ನೊಮ್ಮೆ ಓದಿ. ಕಳಿಸಿದವರು ಯಾರು ಅಂತಲೂ ನೋಡಿ.

ಚಿಕ್ಕಪ್ಪ: “ಅದೂ ಇದೂ ಒಂದೇನಾ? ನಾನು ಮಾರಿದ್ನಾ? ಪ್ರೀತಿಯಿಂದ ಮಾಡಿಸಿದ್ದು. ಖರ್ಚು ಯಾರು ಕೊಟ್ರು ಅಂತ ಕೇಳಿ.”

ಅತ್ತೆ: “ಖರ್ಚಿನ ಮಾತು ಬೇಡ. ಮನೆ ಪಾಲಾದಾಗಿನ ಖರ್ಚನ್ನೂ ಹೀಗೇ ಹೇಳಿದ್ದೆ.”

ದೊಡ್ಡಪ್ಪ: “ಹಳೆಯದು ಬೇಡ. ಗುಂಪು ಇರುವುದು ಪ್ರೀತಿ ಹಂಚಿಕೊಳ್ಳಲು.”

ಅತ್ತೆ: “ಪಾಲು ಮಾಡಿದವನು ನೀನೇ ಅಲ್ವಾ ಅಣ್ಣ?”

ಈ ನಡುವೆ ಭಾವ ಮೊಜಾರ್ಟ್ ಬಗ್ಗೆ ಉದ್ದದ ಸಂದೇಶ ಹಾಕಿದರು. ಯಾರೂ ಓದಲಿಲ್ಲ, ಆದರೆ ಅವತ್ತು ಗುಂಪಿಗೆ ಬಂದದ್ದರಲ್ಲಿ ಅದೇ ಒಳ್ಳೆಯದು. ಮೊಜಾರ್ಟ್ 1791ರ ಡಿಸೆಂಬರ್ 5ರಂದು ಸತ್ತಾಗ ಅವನ ‘ರಿಕ್ವಿಯಂ’, ಅಂದರೆ ಸತ್ತವರಿಗಾಗಿ ಹಾಡುವ ಪ್ರಾರ್ಥನೆಯ ಸಂಗೀತ, ಅರ್ಧಕ್ಕೇ ನಿಂತಿತ್ತು. ಮಾಡಿಸಿದವನು ವಾಲ್ಸೆಗ್ ಅನ್ನುವ ಕೌಂಟ್. ತೀರಿಕೊಂಡ ಹೆಂಡತಿಯ ನೆನಪಿಗೆ ಅದನ್ನು ತನ್ನದೇ ಕೃತಿ ಅಂತ ನುಡಿಸುವ ಉಪಾಯ ಅವನದು. ಮೊಜಾರ್ಟ್ ಹೆಂಡತಿಗೆ ಬಾಕಿ ದುಡ್ಡು ಬರಬೇಕಿತ್ತು, ಹಾಗಾಗಿ ಜ್ಯೂಸ್‌ಮಾಯರ್ ಅನ್ನುವವನ ಕೈಲಿ ಮುಗಿಸಿದಳು. ಅವನು ಬರೆದು ಮುಗಿಸಿದ್ದಲ್ಲದೆ ಮೊದಲ ಪುಟದಲ್ಲಿ ಮೊಜಾರ್ಟ್ ಸಹಿಯನ್ನೂ ಹಾಕಿದ. ಪಕ್ಕದಲ್ಲಿ ಇಸವಿ 1792. ಸತ್ತ ಮರುವರ್ಷ! ಕೊಂಡವನೂ ಕಳ್ಳ, ಕೊಟ್ಟವನೂ ಕಳ್ಳ, ಸಂಗೀತ ಮಾತ್ರ ಇವತ್ತಿಗೂ ಜನ ಕೇಳುತ್ತಾರೆ. ಎಐ ಇಲ್ಲದೆಯೂ ಮನುಷ್ಯ ಸಾಕಷ್ಟು ಮಾಡಬಲ್ಲ.

ಅಷ್ಟರಲ್ಲಿ ದೊಡ್ಡಪ್ಪನ ಮಗ, ನಮ್ಮೆಲ್ಲರ ಅಣ್ಣ, ನಿದ್ದೆಯಿಂದೆದ್ದು ಕ್ಯಾಸೆಟ್ ಅನ್ನುವ ಪದವೊಂದನ್ನೇ ನೋಡಿದ.

ಅಣ್ಣ: “ಆಹಾ, ಕ್ಯಾಸೆಟ್! ಎಂಥ ದಿನಗಳು. ಮೇಲೆ ಎರಡು ಕಿವಿ ಇರ್ತಿತ್ತು ನೆನಪಿದೆಯಾ? ಅದನ್ನ ಮುರಿದ್ರೆ ಮತ್ತೆ ರೆಕಾರ್ಡ್ ಆಗ್ತಿರ್ಲಿಲ್ಲ. ಅಜ್ಜಿ ಎಲ್ಲ ಕ್ಯಾಸೆಟ್ಟಿನ ಕಿವೀನೂ ಮುರಿದಿಡೋಳು. ನಾನು ಬಿಡ್ತೀನಾ? ತೂತಿಗೆ ಸೆಲೋಟೇಪ್ ಅಂಟಿಸಿ ಮ್ಯಾಚ್ ರೆಕಾರ್ಡ್ ಮಾಡ್ತಿದ್ದೆ. ಆ ಮಜಾ ಈಗ ಎಲ್ಲಿ?”

ಗುಂಪು ಗಪ್‌ಚುಪ್. ಅತ್ತೆ ‘ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು, ಹೋಯಿತು, ಮತ್ತೆ ಬಂತು.

ಅತ್ತೆ: “ಮ್ಯಾಚಾ?”

ಅಣ್ಣ ಸಂದೇಶ ಅಳಿಸಿದ. ‘ಈ ಸಂದೇಶವನ್ನು ಅಳಿಸಲಾಗಿದೆ’ ಅನ್ನುವ ಸಾಲು ಉಳಿಯಿತು, ಭಾವ ಆಗಲೇ ಸ್ಕ್ರೀನ್‌ಶಾಟ್ ಹಾಕಿಯಾಗಿತ್ತು. ಮೂಲ ಕೇಳುವವರ ಅಭ್ಯಾಸ ಹಾಗೆ. ಇಷ್ಟು ವರ್ಷ ಅತ್ತೆಯ ಅನುಮಾನ ಇದ್ದದ್ದು ಚಿಕ್ಕಪ್ಪನ ಮೇಲೆ. ಚಿಕ್ಕಪ್ಪ ಈಗ ಮೂರು ಸಲ “ನೋಡಿದ್ರಾ?” ಅಂತ ಬರೆದರು. ದೊಡ್ಡಪ್ಪ, ತಮ್ಮ ಮಗನ ಮಾತು ಬಂದದ್ದರಿಂದ, ನೀತಿ ಬಿಟ್ಟು ಹವಾಮಾನದ ವಿಷಯ ಎತ್ತಿದರು.

ಚಿಕ್ಕಪ್ಪನ ಮಗಳು ಗುಂಪಿನಲ್ಲಿ ಯಾವತ್ತೂ ಬರೆಯುವುದಿಲ್ಲ. ನನಗೆ ಬೇರೆಯಾಗಿ ಬರೆದಳು: “ಅಜ್ಜಿ ಥರ ಹಾಡು ಅಂದ್ರು, ಹಾಡಿದೆ. ಉಸಿರು ಎಲ್ಲಿ ತಗೋಬೇಕು ಅಂತ ಯಾರೂ ಹೇಳ್ಲಿಲ್ಲ. ಹಾಡಿದ್ದು ನಾನು ಅಂತಾನೂ ಎಲ್ಲೂ ಹಾಕ್ಲಿಲ್ಲ.”

ಇಡೀ ಜಗಳದಲ್ಲಿ ನನಗೆ ತಟ್ಟಿದ್ದು ಈ ಮಾತು. ಕ್ವೀನ್ ಅನ್ನುವ ರಾಕ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ 1991ರ ನವೆಂಬರಿನಲ್ಲಿ ತೀರಿಕೊಂಡ. ಆ ವರ್ಷದ ಮೇ ತಿಂಗಳಲ್ಲಿ, ನಿಲ್ಲಲೂ ಕಷ್ಟವಾಗುತ್ತಿದ್ದಾಗ, ‘ಮದರ್ ಲವ್’ ಅನ್ನುವ ಹಾಡು ಹಾಡುತ್ತಿದ್ದ. ಕೊನೆಯ ಚರಣ ಬಾಕಿ ಇಟ್ಟು ಹೋದವನು ಅದನ್ನು ಮುಗಿಸಲು ಬರಲಿಲ್ಲ. 1995ರಲ್ಲಿ ಕ್ವೀನ್ ತಂಡ ‘ಮೇಡ್ ಇನ್ ಹೆವನ್’ ಆಲ್ಬಂ ತಂದಾಗ ಆ ಚರಣವನ್ನು ಗಿಟಾರ್ ನುಡಿಸುವ ಬ್ರಯನ್ ಮೇ ಹಾಡಿದ. ಫ್ರೆಡ್ಡಿಯ ಹಾಗಲ್ಲ, ತನ್ನದೇ ದನಿಯಲ್ಲಿ. ಕೇಳುವವರಿಗೆ ದನಿ ಬದಲಾಗುವ ಜಾಗ ಗೊತ್ತಾಗುತ್ತದೆ. ಅವರು ಅದನ್ನು ಮುಚ್ಚಲಿಲ್ಲ. ಸತ್ತವರ ಹಾಡು ಮುಗಿಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಮುಗಿಸಿದವರು ಯಾರು ಅಂತ ಮೇಲೆ ಬರೆದರೆ ಸಾಕು.

ಹಾಗಾಗಿ ಎರಡು ಫೈಲು ಮಾಡಿ ಗುಂಪಿಗೆ ಹಾಕಿದೆ. ಒಂದು, ಕಾಮೆಂಟರಿ ಸಮೇತ ಕ್ಯಾಸೆಟ್ಟಿನಲ್ಲಿ ಇದ್ದ ಹಾಗೇ. ಇನ್ನೊಂದು, ಸ್ಟುಡಿಯೋದ್ದು. ಅದರ ಹೆಸರಿನಲ್ಲಿ ‘ಮೂರನೇ ಚರಣ: ಮೊಮ್ಮಗಳು’ ಅಂತ ಸೇರಿಸಿದೆ.

ಚಿಕ್ಕಪ್ಪ: “ಮಾಡಿಸಿದವರ ಹೆಸರು?”

ಅತ್ತೆ: “ಇಷ್ಟು ವರ್ಷ ಕ್ಯಾಸೆಟ್ ಕಾಪಾಡಿದ್ದು ಯಾರು? ಅದನ್ನೂ ಹಾಕು.”

ದೊಡ್ಡಪ್ಪ: “ಟೇಪ್ ರೆಕಾರ್ಡರ್ ನನ್ನದು. ಹೆಸರಿನ ಆಸೆ ನನಗಿಲ್ಲ, ಮಾಹಿತಿಗೆ ಹೇಳಿದೆ.”

ಭಾವ: “ಅದಕ್ಕೆ ಬಿಲ್ ಇದೆಯಾ?”

ಅಣ್ಣ: “ನನ್ನ ಹೆಸರೂ ಹಾಕಿ. ಅಳಿಸಿದವರು ಅಂತ.”

ಚಿಕ್ಕಮ್ಮ ಅದಕ್ಕೆ ಹೆಬ್ಬೆರಳು ಒತ್ತಿದರು.