ಕವಳ, ತಂಬಾಕು ಬಿಡಿಸಲು ಮೊಬೈಲ್ ಆ್ಯಪ್: ಹೇಗೆ ಹೊಂದಿಸಬೇಕು?

ಬನವಾಸಿ ರಸ್ತೆ (ಪ್ರಶ್ನೆ):
ಶಿರಸಿ ತಾಲೂಕಿನ ನಮ್ಮೂರಲ್ಲಿ ಸ್ವಸಹಾಯ ಸಂಘ, ಯುವಕ ಮಂಡಳ ಸೇರಿ ಕ್ಯಾನ್ಸರ್ ತಡೆಯುವ ಅಭ್ಯಾಸಗಳನ್ನು ಮನೆಮನೆಯಲ್ಲಿ ರೂಢಿಸುವ ಕೆಲಸ ಶುರು ಮಾಡ್ತಿದೆ. ಮೊಬೈಲ್ ಆ್ಯಪ್ ಬಳಸುವ ಯೋಚನೆ ಇದೆ. ಎಲ್ಲರ ಹತ್ರ ಇರೋದು ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್, ನೆಟ್‌ವರ್ಕ್ ಬೇಕಂದ್ರೆ ದಿಬ್ಬ ಹತ್ತಬೇಕು. ಮುಖ್ಯ ಚಿಂತೆ ಕವಳದ್ದು. ಕೆಲವರು ಹೊಗೆಸೊಪ್ಪು ಸೇರಿಸ್ತಾರೆ, ಉಳಿದವರದ್ದು ಬರೀ ಎಲೆ, ಅಡಿಕೆ, ಸುಣ್ಣ. ಯಾವ ಆ್ಯಪ್ ಒಳ್ಳೇದು, ಅದರಲ್ಲಿ ಏನೇನು ಬರೆಸಬೇಕು? ದಿನದ ಲೆಕ್ಕವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿಸಿದರೆ ಜನರಿಗೆ ಉಮೇದು ಬರಬಹುದಾ?

ಸೊಪ್ಪಿನಬೆಟ್ಟ:
ವಾಟ್ಸಾಪ್ ಲೆಕ್ಕ ಬೇಡವೇ ಬೇಡ. ಊರವರ ಎದುರು ಒಪ್ಪಿಸಬೇಕು ಅಂದರೆ ಎಂಟು ಕವಳ ಹಾಕಿದವರು ಮೂರು ಅಂತ ಬರೀತಾರೆ. ಆಮೇಲೆ ಆ ಲೆಕ್ಕ ಅವರಿಗೇ ಉಪಯೋಗಕ್ಕೆ ಬರೋದಿಲ್ಲ. ಗುಂಪು ಶಿಬಿರದ ದಿನಾಂಕ ತಿಳಿಸೋಕೆ ಮಾತ್ರ ಇರಲಿ. ಯಾರ ತಪಾಸಣೆಯ ಫಲಿತಾಂಶವೂ, ಅದರಲ್ಲೂ ಹೆಂಗಸರದ್ದು, ಅಲ್ಲಿ ಕಾಣಿಸಬಾರದು.

ಆ್ಯಪ್ ಅಂದರೆ ಲೂಪ್ ಹ್ಯಾಬಿಟ್ ಟ್ರ್ಯಾಕರ್ ಸಾಕು. ಉಚಿತ, ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಹೊಸ ಅಭ್ಯಾಸ ಸೇರಿಸುವಾಗ ಹೌದು–ಇಲ್ಲ ಅನ್ನೋ ಬಗೆ, ಸಂಖ್ಯೆ ಬರೆಯೋ ಬಗೆ ಎರಡೂ ಬರುತ್ತವೆ. ಕವಳಕ್ಕೆ ಸಂಖ್ಯೆಯದ್ದು ತಗೊಳ್ಳಿ, ಗುರಿಯನ್ನು 'ಹೆಚ್ಚೆಂದರೆ ಇಷ್ಟು' ಅಂತ ಇಡಿ. ಹೊಗೆಸೊಪ್ಪಿನ ಕವಳಕ್ಕೆ ಬೇರೆ ಸಾಲು, ಬರೀ ಕವಳಕ್ಕೆ ಬೇರೆ ಸಾಲು. ಮೊದಲ ವಾರ ಏನನ್ನೂ ಕಡಿಮೆ ಮಾಡಿಸಬೇಡಿ, ಎಣಿಸಲಿ ಅಷ್ಟೇ. ಚಾ ಕುಡಿದ ಮೇಲಿಂದೋ, ಊಟದ ನಂತರದ್ದೋ, ಅಡಿಕೆ ಸುಲಿಯುತ್ತಾ ಕೂತಾಗ ಬಾಯಿಗೆ ಹೋಗೋದೋ ಅಂತ ಟಿಪ್ಪಣಿಯಲ್ಲಿ ಒಂದೇ ಪದ ಬರೆದರೂ ಸಾಕು. ಒಂದೂ ಹಾಕದ ದಿನ 0 ಅಂತಲೇ ಬರೆಯಬೇಕು. ಖಾಲಿ ಬಿಟ್ಟರೆ ಹಾಕಿಲ್ಲವೋ, ಬರೆಯೋದು ಮರೆತರೋ ಆಮೇಲೆ ಗೊತ್ತಾಗುವುದಿಲ್ಲ.

ನನಗೆ ಇದು ಹಿಡಿಸುವುದಕ್ಕೆ ಇನ್ನೊಂದು ಕಾರಣ ಇದೆ. ಒಂದು ದಿನ ತಪ್ಪಿದರೆ ಅಂಕ ಸ್ವಲ್ಪ ಇಳಿಯುತ್ತದೆ, ಸೊನ್ನೆಗೆ ಬೀಳುವುದಿಲ್ಲ. ಸತತ ದಿನಗಳನ್ನಷ್ಟೇ ಎಣಿಸುವ ಆ್ಯಪ್‌ಗಳಲ್ಲಿ ಮದುವೆಮನೆಯ ಒಂದು ಕವಳಕ್ಕೆ ತಿಂಗಳ ಶ್ರಮವೆಲ್ಲ ಅಳಿಸಿಹೋದಂತೆ ಕಾಣುತ್ತದೆ. ಜನ ಬೇಜಾರಾಗಿ ಆ್ಯಪನ್ನೇ ತೆಗೆದುಹಾಕುತ್ತಾರೆ.

'ನೆನಪಿನ ಗಂಟೆ ಬಾರಿಸಲೇ ಇಲ್ಲ' ಅನ್ನೋ ದೂರು ಖಂಡಿತ ಬರುತ್ತದೆ. ಹಲವು ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು ಬ್ಯಾಟರಿ ನಿರ್ಬಂಧ ತೆಗೆಯಿರಿ, ಆಟೋಸ್ಟಾರ್ಟ್ ಇದ್ದರೆ ಚಾಲೂ ಮಾಡಿ, ನೋಟಿಫಿಕೇಶನ್‌ಗೆ ಅನುಮತಿ ಕೊಡಿ. ದಾಖಲೆ ಫೋನಿನಲ್ಲೇ ಇರುವುದರಿಂದ ತಿಂಗಳಿಗೊಮ್ಮೆ ಬ್ಯಾಕಪ್ ಕಡತ ತೆಗೆದು ಬೇರೆ ಕಡೆ ಇಡಬೇಕು, ಫೋನ್ ಮಳೆಗೆ ಸಿಕ್ಕರೆ ಎಲ್ಲಾ ಹೋಗುತ್ತದೆ.

ಅಘನಾಶಿನಿ ತೀರ:
ಮೇಲಿನವರು ಹೇಳಿದ ಹಾಗೆ ಎರಡು ಸಾಲು ಮಾಡೋದು ಸರಿ. ಆದರೆ ತಂಬಾಕಿಗೆ ದಿನಕ್ಕೊಂದು ಕಡಿಮೆ ಮಾಡುತ್ತಾ ಹೋಗುವುದನ್ನು ಕೊನೆಯಿಲ್ಲದೆ ಎಳೆಯಬೇಡಿ. ಎರಡು ವಾರದೊಳಗಿನ ಒಂದು ದಿನ ಗೊತ್ತುಮಾಡಿ ಪೂರ್ತಿ ನಿಲ್ಲಿಸಬೇಕು. ಅಡಿಕೆ ಕೊನೆಕೊಯ್ಲಿನ ನಡುವೆ, ಮನೆಯ ಕಾರ್ಯದ ವಾರದಲ್ಲಿ ಆ ದಿನ ಇಡಬೇಡಿ. ಸಿಡಿಮಿಡಿ, ನಿದ್ದೆಗೇಡು ಮೊದಲ ಮೂರು ದಿನ ಜೋರು, ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಒಂದೊಂದು ಸಲದ ಚಪಲ ಹತ್ತು ನಿಮಿಷದೊಳಗೆ ಸಾಮಾನ್ಯವಾಗಿ ಇಳಿಯುತ್ತದೆ. ಅದಕ್ಕೇ ಫೋನಿನ ಟೈಮರ್ ಹತ್ತು ನಿಮಿಷಕ್ಕೆ ಇಟ್ಟು, ಬಾಯಿಗೆ ಲವಂಗ ಅಥವಾ ಏಲಕ್ಕಿ ಹಾಕಿಕೊಂಡು ಎದ್ದು ಓಡಾಡಲಿ.

ನೆನಪಿನ ಗಂಟೆ ಊಟಕ್ಕೆ ಕೂರುವ ಹೊತ್ತಿಗೆ ಬಾರಿಸಲಿ. ಊಟವಾಗಿ ಕೈ ತೊಳೆಯುವಷ್ಟರಲ್ಲಿ ಕವಳದ ಬಟ್ಟಲು ಎದುರಿಗೆ ಬಂದಿರುತ್ತದೆ. ಬಟ್ಟಲನ್ನು ಜಗಲಿಯಿಂದ ಎತ್ತಿ ಕಪಾಟಿನಲ್ಲಿಡುವುದು ಯಾವ ಆ್ಯಪಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಒಬ್ಬರಿಂದಲೇ ಆಗದವರಿಗೆ ತಂಬಾಕು ಬಿಡಲು ಸರಕಾರದ ಉಚಿತ ಸಹಾಯವಾಣಿ 1800-11-2356 ಇದೆ.

ಬನವಾಸಿ ರಸ್ತೆ:
ತುಂಬಾ ಉಪಕಾರ ಆಯ್ತು. ಹೊಗೆಸೊಪ್ಪು ಬಿಟ್ಟು ಬರೀ ಕವಳ ಹಾಕಿದರೆ ತೊಂದರೆ ಇಲ್ಲ ಅಂತ ಹಿರಿಯರ ವಾದ. ಅಡಿಕೆಯಿಂದಲೇ ಬದುಕುವ ಊರು, ಹೇಗೆ ಹೇಳೋದು?

ಅಘನಾಶಿನಿ ತೀರ:
ನೇರವಾಗಿ ಹೇಳಬೇಕು, ಗೌರವದಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ, ಅಡಿಕೆಯನ್ನೂ ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯ ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರಿನ ಅಂಶ ಹೆಚ್ಚಿಸುತ್ತದೆ, ಸುಣ್ಣ ಆ ಪದರವನ್ನು ಕೆರಳಿಸುತ್ತದೆ. ಮೊದಮೊದಲು ಖಾರ ತಿಂದರೆ ಉರಿ, ಆಮೇಲೆ ಕೆನ್ನೆ ಬಿಗಿದು ಬಾಯಿ ತೆರೆಯಲು ಕಷ್ಟ. ಹೀಗೆ ಬಿಗಿದ ಬಾಯಿ ಮತ್ತೆ ಮೊದಲಿನಂತೆ ಆಗುವುದು ಕಷ್ಟ, ಅದರ ಮೇಲೆ ಕ್ಯಾನ್ಸರ್ ಹುಟ್ಟುವ ಅಪಾಯವೂ ಇದೆ. ತೋಟ ಮಾಡಬೇಡಿ ಅಂತ ಯಾರಿಗೂ ಹೇಳಬೇಕಿಲ್ಲ. ಮಾತು ಬಾಯಿಗೆ ಹಾಕುವುದರ ಬಗ್ಗೆ ಮಾತ್ರ ಇರಲಿ.

ಆ್ಯಪಿನಲ್ಲಿ ತಿಂಗಳಿಗೊಮ್ಮೆ 'ಬಾಯಿ ನೋಡಿಕೊಳ್ಳುವುದು' ಅಂತ ಇಡಿ. ಕನ್ನಡಿ, ಟಾರ್ಚ್ ಸಾಕು. ತುಟಿ, ಎರಡೂ ಕೆನ್ನೆಯ ಒಳಗೆ, ವಸಡು, ನಾಲಿಗೆಯ ಅಂಚು ಮತ್ತು ಅಡಿ, ಅಂಗಳು. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿದರೆ ಹಿಡಿಯದಷ್ಟು ಬಿಗಿದ ಬಾಯಿ, ಇವುಗಳಲ್ಲಿ ಒಂದಿದ್ದರೂ ಹಲ್ಲಿನ ಡಾಕ್ಟರಿಗೋ ಸರಕಾರಿ ಆಸ್ಪತ್ರೆಗೋ ತೋರಿಸಬೇಕು. ನೋವಿಲ್ಲ ಅಂತ ಕಾಯಬಾರದು, ಶುರುವಿನಲ್ಲಿ ನೋವು ಇರದಿರುವುದೇ ಹೆಚ್ಚು.

ಅಂಕೋಲೆ ಕಡಲು:
ನಡಿಗೆ, ಊಟದ ಬಗ್ಗೆ ಸ್ವಲ್ಪ. ಹೆಜ್ಜೆ ಎಣಿಸುವ ಆ್ಯಪ್ ನಂಬಿ ಕೂರಬೇಡಿ. ಫೋನನ್ನು ಮನೆಯಲ್ಲಿಟ್ಟು ಬೆಟ್ಟದಿಂದ ಸೊಪ್ಪು ಹೊತ್ತವರಿಗೆ ಅದು ಸೊನ್ನೆ ತೋರಿಸುತ್ತದೆ. ಲೂಪ್‌ನಲ್ಲೇ ವಾರಕ್ಕೆ 150 ನಿಮಿಷ ಅಂತ ಗುರಿ ಇಟ್ಟು ಕೈಯಾರೆ ಬರೆಯಲಿ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸು ಇದ್ದರೆ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದಲ್ಲಿ ಜಗಲಿಯ ಮೇಲೆ ನಿಮಿಷಕ್ಕೆ ನೂರು ಹೆಜ್ಜೆಯಂತೆ ಐದೈದು ನಿಮಿಷ ನಡೆದರೂ ಕೂಡಿಸಬಹುದು.

ಕ್ಯಾಲೊರಿ ಆ್ಯಪ್‌ಗಳಿಗೆ ತಂಬುಳಿ, ಅಪ್ಪೆಹುಳಿ ಗೊತ್ತಿಲ್ಲ, ಬಿಟ್ಟುಬಿಡಿ. ತರಕಾರಿ, ಹಣ್ಣು ಸೇರಿ ದಿನಕ್ಕೆ 400 ಗ್ರಾಂ. ಬಟಾಟೆ, ಗೆಣಸು ಇದರಲ್ಲಿ ಬರುವುದಿಲ್ಲ. ಒಮ್ಮೆ ಬಸಳೆ, ಹರಿವೆ ತೂಗಿ ನೋಡಿ ಮನೆಯ ಬಟ್ಟಲಿನ ಅಳತೆ ಗೊತ್ತುಮಾಡಿಕೊಂಡರೆ ಆಮೇಲೆ ಬಟ್ಟಲನ್ನೇ ಎಣಿಸಬಹುದು. ಉಪ್ಪು ಎಲ್ಲಾ ಸೇರಿ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಸುಮಾರು ಒಂದು ಚಹಾ ಚಮಚ. ನಮ್ಮ ಕಡೆ ಒಣಮೀನು, ನಿಮ್ಮ ಕಡೆ ಮಿಡಿ ಉಪ್ಪಿನಕಾಯಿ, ಅಲ್ಲೇ ಅದು ಮೀರುವುದು. ಶೆರೆಗೆ ಗುರಿ 0 ಇಡಿ, ಕ್ಯಾನ್ಸರ್ ಮಟ್ಟಿಗೆ ಸುರಕ್ಷಿತ ಅಳತೆ ಅಂತ ಇಲ್ಲ.

ಸೊಪ್ಪಿನಬೆಟ್ಟ:
ತಪಾಸಣೆಯ ದಿನಾಂಕ ಮಾತ್ರ ಲೂಪ್‌ನಲ್ಲಿ ಬೇಡ, ಗೂಗಲ್ ಕ್ಯಾಲೆಂಡರ್‌ಗೆ ಹಾಕಿ. ಫೋನ್ ಬದಲಾದರೂ ಖಾತೆಯಲ್ಲಿ ಉಳಿಯುತ್ತದೆ. 30 ದಾಟಿದವರಿಗೆ ಬಾಯಿ, ಹೆಂಗಸರಿಗೆ ಜೊತೆಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆ ಐದು ವರ್ಷಕ್ಕೊಮ್ಮೆ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ವಿಚಾರಿಸಿ. ದಿನಾಂಕ ಹಾಕುವಾಗ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕೂರಿಸಿಕೊಳ್ಳಿ, ಶಿಬಿರ ಯಾವ ವಾರ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ.