ಮೋಟಾರ್‌ಹೋಮ್ ಡಿಕ್ಕಿಗೆ ಡ್ರಾಯರ್ ಮಾಡೋದಾ, ಡಬ್ಬಿ ಜೋಡಿಸೋದಾ?

ತಿಪಟೂರು ಹುಡುಗಿ, ಚಾಂಡ್ಲರ್, ಅರಿಜೋನಾ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ನಾವು ಒಂದು ಹಳೆಯ ಮೋಟಾರ್‌ಹೋಮ್, ಅಂದರೆ ಒಳಗೇ ಅಡುಗೆಮನೆ, ಹಾಸಿಗೆ ಎಲ್ಲ ಇರುವ ಗಾಡಿ, ತಗೊಂಡೆವು. 2015ರ ಗಾಡಿ, ಕ್ಲಾಸ್ ಸಿ (ಮುಂದೆ ವ್ಯಾನಿನ ಮೂತಿ, ಹಿಂದೆ ಮನೆ), 31 ಅಡಿ, ಫೋರ್ಡ್ ಇ-450 ಚಾಸಿ. ಒಳಗೆಲ್ಲ ಚೆನ್ನಾಗಿದೆ. ತಲೆನೋವು ಹೊರಗಿನ ಡಿಕ್ಕಿಗಳದ್ದು. ಇಲ್ಲಿಯವರು ಬೇಸ್‌ಮೆಂಟ್ ಅನ್ನುತ್ತಾರೆ, ಬೇ ಅನ್ನುತ್ತಾರೆ. ನನಗೆ ಅದು ಬಸ್ಸಿನ ಡಿಕ್ಕಿಯೇ.

ಮಾರ್ಚ್‌ನಲ್ಲಿ ಊರಿಂದ ಅಪ್ಪ ಅಮ್ಮ ಬಂದಿದ್ದರು. ಮಗನಿಗೆ ಸ್ಪ್ರಿಂಗ್ ಬ್ರೇಕ್. ಐದೂ ಜನ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೊರಟೆವು. ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ 30 ಅಡಿಗಿಂತ ಉದ್ದದ ಗಾಡಿಗೆ ಜಾಗವಿಲ್ಲ, ಒಂದೇ ಒಂದು ಅಡಿಗೆ ತಪ್ಪಿತು. ಅಲ್ಲೇ ಇರುವ ಇನ್ನೊಂದು ಕ್ಯಾಂಪ್‌ಗ್ರೌಂಡ್ ಟ್ರೈಲರ್ ವಿಲೇಜ್‌ನಲ್ಲಿ ಸಿಕ್ಕಿತು. ನಾವು ಮುಟ್ಟುವ ಹೊತ್ತಿಗೆ ಕತ್ತಲು. ಅಲ್ಲಿ ಸುಮಾರು 7,000 ಅಡಿ ಎತ್ತರ, ಮೂಲೆಮೂಲೆಯಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಮೊದಲು ಬೇಕಾಗಿದ್ದು 30 ಆಂಪ್ ಕರೆಂಟ್ ಕೇಬಲ್. ಅದು ಎಲ್ಲಿತ್ತು ಅಂತೀರಾ? ಕುರ್ಚಿ, ಮ್ಯಾಟು, ಅಕ್ಕಿ ಚೀಲ, ರುಬ್ಬುವ ಗ್ರೈಂಡರ್, ಚಕ್ರದ ಕೆಳಗಿಡುವ ಬ್ಲಾಕುಗಳು, ಎಲ್ಲದರ ತಳದಲ್ಲಿ. ಮಗ ಟಾರ್ಚ್ ಹಿಡಿದ. ನಾನು ಒಂದೊಂದನ್ನೇ ತೆಗೆದು ನೆಲಕ್ಕೆ ಇಟ್ಟೆ. ಅಪ್ಪ ಮಫ್ಲರ್ ಸುತ್ತಿಕೊಂಡು ಬಾಗಿಲಲ್ಲಿ ನಿಂತು, "ನಮ್ಮ ಕೆಎಸ್‌ಆರ್‌ಟಿಸಿ ಕಂಡಕ್ಟರು ಇದಕ್ಕಿಂತ ಚೆನ್ನಾಗಿ ಲಗೇಜು ಹಾಕ್ತಾನಲ್ಲಮ್ಮ" ಅಂದರು.

ಅವತ್ತೇ ತೀರ್ಮಾನ ಮಾಡಿದೆ. ಡ್ರಾಯರ್ ಮಾಡಲೇಬೇಕು.

ಮರದ ಕೆಲಸ ಸ್ವಲ್ಪ ಬರುತ್ತದೆ. ಮನೆಯ ಶೂ ಸ್ಟ್ಯಾಂಡು, ದೇವರ ಮಂಟಪ ಎರಡೂ ನಾನೇ ಮಾಡಿದ್ದು. ಅಳತೆ ಹೀಗಿದೆ. ಹಿಂದಿನ ಡಿಕ್ಕಿ ಆ ಬದಿಯಿಂದ ಈ ಬದಿವರೆಗೆ ಆರಪಾರು, ಬಾಗಿಲು 40 ಇಂಚು ಅಗಲ, 17 ಎತ್ತರ, ಒಳಗೆ 46 ಅಗಲ. ಬಲಬದಿಯಲ್ಲಿ ಚಕ್ರಗಳ ಮಧ್ಯೆ ಇನ್ನೊಂದು, ಬಾಗಿಲು 28 ಅಗಲ, 15 ಎತ್ತರ, ಒಳಗೆ 24 ಆಳ. ಎರಡರದ್ದೂ ತಳ ಪ್ಲಾಸ್ಟಿಕ್.

ನನ್ನ ಯೋಚನೆ: ಮುಕ್ಕಾಲು ಇಂಚಿನ ಪ್ಲೈವುಡ್ ಮೂರು ಶೀಟು. ಹಿಂದೆ 44 ಇಂಚಿನ ಎರಡು ಡ್ರಾಯರ್, ಆ ಬದಿಗೊಂದು, ಈ ಬದಿಗೊಂದು. ಮಧ್ಯದ ಡಿಕ್ಕಿಯಲ್ಲಿ ಎಳೆದರೆ ಹೊರಗೆ ಬರುವ ಪುಟ್ಟ ಅಡುಗೆಮನೆ, ಎರಡು ಬರ್ನರ್ ಒಲೆ, ಮಸಾಲೆ ಡಬ್ಬಿ. ಒಳಗೆ ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತದೆ, ಒಣಮೆಣಸಿನಕಾಯಿ ಘಾಟಿಗೆ ಅಪ್ಪನಿಗೆ ಕೆಮ್ಮು. ಡ್ರಾಯರ್ ಚಾನಲ್ (ಡ್ರಾಯರ್ ಜಾರುವ ಕಬ್ಬಿಣದ ಹಳಿ) 500 ಪೌಂಡ್ ತಡೆಯುವಂಥದ್ದು ನೋಡಿಟ್ಟಿದ್ದೇನೆ.

ಮಾಡಿದವರು ಯಾರಾದರೂ ಇದ್ದರೆ ಹೇಳಿ, ಎಲ್ಲಿ ಎಡವುತ್ತೇನೆ?

ಮರಹುಳ, ಗ್ರ್ಯಾಂಡ್ ರ್ಯಾಪಿಡ್ಸ್, ಮಿಷಿಗನ್

ಮೇಡಂ, ಗರಗಸ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಹತ್ತುವ ಬಾಗಿಲ ಹತ್ತಿರ ಒಂದು ಹಳದಿ ಚೀಟಿ ಅಂಟಿಸಿರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತದೆ. ಆ ಅಂಕಿ ಹೇಳಿ.

ಈಗ ನಿಮ್ಮ ನಕ್ಷೆಗೆ ಬರೋಣ. ಬಾಗಿಲು 40 ಇಂಚು, ಡ್ರಾಯರ್ 44 ಅಂದಿರಿ. ಅದು ಹೊರಗೆ ಹೇಗೆ ಬರುತ್ತದೆ? ನಗಬೇಡಿ, ನಾನೂ ಇದೇ ಮಾಡಿದ್ದೆ. ಒಳಗಿನ ಅಗಲ ಅಳೆದು, ಗ್ಯಾರೇಜಿನಲ್ಲಿ ಎರಡು ದಿನ ಕೂತು ಚೆಂದದ ಡ್ರಾಯರ್ ಮಾಡಿದೆ. ಬಾಗಿಲಲ್ಲಿ ಒಳಗೇ ಹೋಗಲಿಲ್ಲ. ಈಗ ಅದರಲ್ಲಿ ಹೆಂಡತಿ ಕೊತ್ತಂಬರಿ ಬೆಳೆಯುತ್ತಾಳೆ.

ಅಳೆಯಬೇಕಾದ್ದು ಬಾಗಿಲ ಕಿಂಡಿ. ಸಾಮಾನ್ಯ ಅಡುಗೆಮನೆ ಚಾನಲ್ ಒಂದೊಂದು ಬದಿಗೆ ಅರ್ಧ ಇಂಚು ತಿನ್ನುತ್ತದೆ. 500 ಪೌಂಡಿನವು ಮುಕ್ಕಾಲು ಇಂಚು. ಜೊತೆಗೆ ರಬ್ಬರ್ ಅಂಚಿಗೆ ಎರಡೂ ಕಡೆ ಕಾಲು ಇಂಚು ಬಿಡಿ. 28ರ ಬಾಗಿಲಿಗೆ ಟ್ರೇ 26ಕ್ಕಿಂತ ಜಾಸ್ತಿ ಬೇಡ. ಚಾನಲ್ ಕೂರಿಸಲು ಒಳಗೊಂದು ಚೌಕಟ್ಟು ಮಾಡಿ, ಡಿಕ್ಕಿ ಗೋಡೆಗೆ ಕೂರಿಸಬೇಡಿ. ಚಾನಲನ್ನು ನಿಲ್ಲಿಸಿಯೇ ಹಾಕಿ. ಜಾಗ ಉಳಿಯುತ್ತದೆ ಅಂತ ಅಡ್ಡ ಮಲಗಿಸಿದರೆ 500 ಪೌಂಡ್ ಅನ್ನುವ ಮಾತು ಮರೆತುಬಿಡಿ, ಅದರ ಸಣ್ಣ ಪಾಲೂ ತಡೆಯುವುದಿಲ್ಲ.

ಒಳಗಿದ್ದಾಗ ಲಾಕ್, ಪೂರ್ತಿ ಎಳೆದಾಗಲೂ ಲಾಕ್ ಆಗುವ ಜಾತಿಯೇ ಬೇಕು. ನನ್ನ ಮೊದಲ ಗಾಡಿಯಲ್ಲಿ ಲಾಕ್ ಇಲ್ಲದ್ದು ಹಾಕಿದ್ದೆ. ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಡ್ರಾಯರ್ ಒಳಗಿಂದ ಬಾಗಿಲಿಗೆ ಗುದ್ದಿತು. ಪ್ಲಾಸ್ಟಿಕ್ ಚಿಲಕ ಕಿತ್ತು, ಬಾಗಿಲು ರೆಕ್ಕೆ ಬಡಿಯುತ್ತಾ ಬಂತು. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿದ್ದರೆ ನಾನು ಪ್ರೀತಿಯಿಂದ ಕೈ ಬೀಸುತ್ತಿದ್ದೆ.

ಮೊದಲು ರಟ್ಟಿನಲ್ಲಿ ಮಾಡಿ ನೋಡಿ. ದೊಡ್ಡ ಟಿವಿ ಪೆಟ್ಟಿಗೆಯ ರಟ್ಟು ಸಾಕು.

ತಿಪಟೂರು ಹುಡುಗಿ

44 ಇಂಚಿನ ವಿಷಯ ಓದಿ ಮುಖ ಮುಚ್ಚಿಕೊಂಡೆ. ದೇವರ ಮಂಟಪ ಮಾಡಿದ್ದು ಸುಳ್ಳಲ್ಲ, ನಂಬಿ.

ಚೀಟಿ ನೋಡಿದೆ. 1,380 ಪೌಂಡ್. ಧಾರಾಳ ಇದೆ ಅಲ್ವಾ?

ಮರಹುಳ

ಧಾರಾಳ ಅಲ್ಲ. ಕೂತು ಕಳೆಯೋಣ. ಅದೇ ಚೀಟಿಯಲ್ಲಿ ಕೆಳಗೆ, ತುಂಬಿದ ನೀರಿನ ಟ್ಯಾಂಕೂ ಸಾಮಾನಿನ ಲೆಕ್ಕಕ್ಕೇ ಅಂತ ಇರುತ್ತದೆ. ಒಂದು ಗ್ಯಾಲನ್ನಿಗೆ 8.3 ಪೌಂಡ್. ನಿಮ್ಮ ಟ್ಯಾಂಕು 40 ಗ್ಯಾಲನ್ ಇದ್ದರೆ 332. ಉಳಿದದ್ದು 1,048. ಐದು ಜನ, ಡ್ರೈವರೂ ಸೇರಿ, ಹತ್ತಿರ ಹತ್ತಿರ 700 ಅಂತ ಇಟ್ಟುಕೊಳ್ಳಿ. ಉಳಿದದ್ದು 348. ಮುಕ್ಕಾಲು ಇಂಚಿನ ಬರ್ಚ್ ಪ್ಲೈವುಡ್ ನಾಲ್ಕಡಿ ಎಂಟಡಿ ಶೀಟು ಒಂದಕ್ಕೆ ಸುಮಾರು 70 ಪೌಂಡ್, ಮೂರಕ್ಕೆ 210. ಈಗ ಉಳಿದದ್ದು 138. ಇಷ್ಟರಲ್ಲಿ ಬಟ್ಟೆ, ಹಾಸಿಗೆ, ಪಾತ್ರೆ, ಅಕ್ಕಿ, ಆ ಗ್ರೈಂಡರ್ ಎಲ್ಲ ಬರಬೇಕು. ಚಾನಲಿನದೇ ತೂಕ ನಾನಿನ್ನೂ ಹಿಡಿದೇ ಇಲ್ಲ.

ಅದಕ್ಕೇ ನಾನು ಎಲ್ಲ ಕಡೆ ಡ್ರಾಯರ್ ಹಾಕಿಸುವವರ ವಿರುದ್ಧ. ದಿನಕ್ಕೆ ನಾಲ್ಕು ಸಲ ಎಳೆಯುವ ಜಾಗಕ್ಕೆ ಒಂದು ಡ್ರಾಯರ್, ಅದೂ ಅರ್ಧ ಇಂಚಿನ ಪ್ಲೈವುಡ್ಡಿನಲ್ಲಿ. ಉಳಿದ ಕಡೆ ಪ್ಲಾಸ್ಟಿಕ್ ಕ್ರೇಟು ಸಾಕು. ಬಾಗಿಲಲ್ಲಿ ಹಿಡಿಯುವ ಅಳತೆಯ ಕ್ರೇಟು ಮೊದಲು ಕೊಂಡು, ಅವು ಜಾರದ ಹಾಗೆ ತಳದಲ್ಲಿ ಒಂದಿಂಚಿನ ಪಟ್ಟಿ ಹೊಡೆದರೆ ಮುಗಿಯಿತು.

ಹುಬ್ಬಳ್ಳಿ ಬಾಡಿಬಿಲ್ಡರ್

ಹೆಸರು ನೋಡಿ ಜಿಮ್ ಅಂತ ತಿಳಕೋಬೇಡ್ರಿ, ನಂದು ಬಸ್ ಬಾಡಿ ಕಟ್ಟೋ ಕೆಲಸ. 22 ವರ್ಷ ಆಯಿತು. ನಿಮ್ಮ ಅಮೆರಿಕದ ಗಾಡಿ ನೋಡಿಲ್ಲ, ಆದರೆ ಡಿಕ್ಕಿ ಎಲ್ಲಾ ಕಡೆ ಡಿಕ್ಕೀನೇ.

ಅಕ್ಕಾರೆ, ಒಟ್ಟು ತೂಕಕ್ಕಿಂತ ಅದು ಎಲ್ಲಿ ಕೂತಿದೆ ಅನ್ನೋದು ಮುಖ್ಯ. ಬಾವಿ ಹತ್ತಿರ ಏತ ನೋಡಿದ್ದೀರಲ್ಲ? ಹಿಂದಿನ ಆಕ್ಸಲ್ ಅನ್ನೋದು ಏತದ ಕಂಬ. ಅದರ ಹಿಂದೆ ಇಟ್ಟ ಭಾರ ಮುಂದಿನ ಚಕ್ರ ಎತ್ತುತ್ತದೆ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎಷ್ಟು ಇಂಚು ಅಂತ ಅಳೆಯಿರಿ. 223 ಅಂತ ಇಟ್ಟುಕೊಳ್ಳೋಣ. ಹಿಂದಿನ ಆಕ್ಸಲ್ಲಿನಿಂದ 80 ಇಂಚು ಹಿಂದೆ 200 ಪೌಂಡ್ ಹಾಕಿದರೆ, 200 ಗುಣಿಸು 80 ಭಾಗಿಸು 223. ಮುಂದೆ 72 ಪೌಂಡ್ ಹಗುರ ಆಗುತ್ತದೆ. ಹಿಂದಿನ ಆಕ್ಸಲ್ ಮೇಲೆ 200 ಅಲ್ಲ, 272 ಬೀಳುತ್ತದೆ. ಸ್ಟೇರಿಂಗ್ ತೇಲಿದ ಹಾಗೆ ಆಗೋದು ಇದಕ್ಕೇ. ನಮ್ಮ ಕಡೆ ಈರುಳ್ಳಿ ಚೀಲ ಎಲ್ಲಾ ಹಿಂದಿನ ಡಿಕ್ಕಿಗೆ ತುಂಬಿದ ಬಸ್ ಓಡಿಸಿದ ಡ್ರೈವರನ್ನ ಕೇಳಿ, ಹೇಳ್ತಾನೆ.

ಅದಕ್ಕೆ ಭಾರದ್ದು ಚಕ್ರಗಳ ಮಧ್ಯೆ ಇರೋ ಡಿಕ್ಕಿಗೆ. ಹಿಂದಿನದಕ್ಕೆ ಕುರ್ಚಿ, ಮ್ಯಾಟು, ಹಗುರದ್ದು.

ಇನ್ನೊಂದು. ಪ್ಲಾಸ್ಟಿಕ್ ತಳಕ್ಕೆ ಸುಮ್ನೆ ಸ್ಕ್ರೂ ಹೊಡೀಬೇಡ್ರಿ. ಮೊದಲು ಗಾಡಿ ಕೆಳಗೆ ಮಲಗಿ ನೋಡಿ. ಏನು ಹಾದು ಹೋಗಿದೆ? ವೈರು, ನೀರಿನ ಪೈಪು, ಬ್ರೇಕ್ ಲೈನು? ಕಬ್ಬಿಣದ ಅಡ್ಡಪಟ್ಟಿ ಎಲ್ಲಿದೆ? ಆ ಪಟ್ಟಿಗೇ ಬೋಲ್ಟು, ದೊಡ್ಡ ವಾಷರು, ಒಳಗೆ ನೈಲಾನ್ ಉಂಗುರ ಇರೋ ನೈಲಾಕ್ ನಟ್ಟು. ಬರೀ ನಟ್ಟು ನಡುಕಕ್ಕೆ ಬಿಚ್ಚಿಕೊಳ್ಳುತ್ತದೆ. ತೂತಿಗೆ ಸೀಲಂಟ್ ತುಂಬಿ, ಇಲ್ಲಾಂದ್ರೆ ಚಕ್ರ ಎರಚಿದ ನೀರು ಅಲ್ಲಿಂದಲೇ ಬರುತ್ತದೆ. ಪ್ಲೈವುಡ್ಡಿನ ಕತ್ತರಿಸಿದ ಅಂಚಿಗೆ ವಾರ್ನಿಶ್ ಎರಡು ಕೈ ಜಾಸ್ತಿ ಹೊಡೀರಿ. ನೀರು ಕುಡಿಯೋದು ಅಂಚಿನಿಂದ.

ಬೆಣ್ಣೆದೋಸೆ, ಸ್ಯಾನ್ ಹೊಸೆ

ಎರಡು ಮಾತು. ಡಿಕ್ಕಿ ಕೀಲಿಯ ಮೇಲೆ ಸಿಎಚ್751 ಅಂತ ಇದೆಯಾ ನೋಡಿ. ಇದ್ದರೆ ಅದೇ ಕೀಲಿ ಪಕ್ಕದವರ ಗಾಡಿಗೂ, ಅದರ ಪಕ್ಕದವರದಕ್ಕೂ ಆಗುತ್ತದೆ. ತಮಾಷೆಯಲ್ಲ, ಈ ಕೀಲಿ ಲೆಕ್ಕವಿಲ್ಲದಷ್ಟು ಗಾಡಿಗಳಲ್ಲಿದೆ. ಒಳಗೆ ಬೆಲೆಬಾಳುವ ಸಾಮಾನು ಇಡುವುದಾದರೆ ಬೀಗದ ಸಿಲಿಂಡರ್ ಬದಲಿಸಿ, ಐದೇ ನಿಮಿಷದ ಕೆಲಸ.

ಎರಡನೆಯದು, ಗ್ಯಾಸ್ ಟ್ಯಾಂಕ್ ಇರುವ ಖಾನೆಗೆ ಏನನ್ನೂ ತುರುಕಬೇಡಿ. ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ಕೆಳಗಿಳಿದು ಹೋಗಲಿ ಅಂತಲೇ ತಳದಲ್ಲಿ ಕಿಂಡಿ ಬಿಟ್ಟಿರುತ್ತಾರೆ. ಹಾಗೇ ಒಲೆಗೆ ಹಾಕುವ ಒಂದು ಪೌಂಡಿನ ಸಣ್ಣ ಸಿಲಿಂಡರನ್ನು ಮುಚ್ಚಿದ ಡಿಕ್ಕಿಯಲ್ಲಿ ಇಡಬೇಡಿ. ಫೀನಿಕ್ಸ್‌ನಲ್ಲಿ 2023ರಲ್ಲಿ ಜುಲೈ ಕೊನೆವರೆಗೆ 31 ದಿನ ಬಿಡದೆ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಆ ಬಿಸಿಲಲ್ಲಿ ಡಿಕ್ಕಿಯೊಳಗೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಗಾಡಿಯ ಹೊರಗೆ ಗ್ಯಾಸ್ ಕನೆಕ್ಷನ್ ಇದ್ದರೆ ಅದನ್ನೇ ಬಳಸಿ. ಆದರೆ ಅಲ್ಲಿ ಬರುವುದು ಆಗಲೇ ಒತ್ತಡ ಇಳಿಸಿದ ಗ್ಯಾಸ್. ನಿಮ್ಮ ಒಲೆಗೆ ತನ್ನದೇ ರೆಗ್ಯುಲೇಟರ್ ಇದ್ದರೆ ಉರಿ ಮಿಣಮಿಣ ಅನ್ನುತ್ತದೆ. ಕಡಿಮೆ ಒತ್ತಡದ ಒಲೆ ಕೇಳಿ ತಗೊಳ್ಳಿ.

ತಿಪಟೂರು ಹುಡುಗಿ

ಏಳು ವಾರ ಆದಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲು ತೂಕ. ಮಾರ್ಚ್‌ನಲ್ಲಿ ಹಾಕಿದಷ್ಟೇ ಸಾಮಾನು ಹಾಕಿ, ಐದೂ ಜನರನ್ನು ಕೂರಿಸಿಕೊಂಡು ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್, ಅಂದರೆ ಲಾರಿ ತೂಗುವ ಕಾಟಾ, ಅದರ ಮೇಲೆ ಹತ್ತಿಸಿದೆವು. ಸುತ್ತ ಹದಿನೆಂಟು ಚಕ್ರದ ಲಾರಿಗಳು. ಅಮ್ಮ, "ನನ್ನನ್ನೂ ತೂಗ್ತಾರಾ?" ಅಂತ ಗಾಬರಿಯಾದರು. ಮುಂದೆ 4,720, ಹಿಂದೆ 9,720, ಒಟ್ಟು 14,440. ಗಾಡಿಯ ಮಿತಿ 14,500, ಅಂದರೆ ಪಾಸು. ಆದರೆ ಹಿಂದಿನ ಆಕ್ಸಲ್ ಮಿತಿ 9,600. ಅಲ್ಲಿ 120 ಪೌಂಡ್ ಜಾಸ್ತಿ! ಅದೂ ನೀರಿನ ಟ್ಯಾಂಕು ಕಾಲು ಭಾಗ ಮಾತ್ರ ತುಂಬಿದ್ದಾಗ. ಡ್ರಾಯರ್ ಇನ್ನೂ ಶುರುವೇ ಆಗಿರಲಿಲ್ಲ. ಹುಬ್ಬಳ್ಳಿ ಅಣ್ಣ, ನಿಮ್ಮ ಏತಕ್ಕೆ ದೊಡ್ಡ ನಮಸ್ಕಾರ.

ಗ್ರೈಂಡರ್ 26 ಪೌಂಡ್. ಅದನ್ನು ಮನೆಯಲ್ಲಿ ಬಿಟ್ಟೆ. ಅಮ್ಮ ಎರಡು ದಿನ ಮಾತಾಡಲಿಲ್ಲ. ಈಗ ಮನೆಯಲ್ಲೇ ರುಬ್ಬಿದ ಹಿಟ್ಟು ಫ್ರಿಜ್ಜಿನಲ್ಲಿ ಬರುತ್ತದೆ. ಎರಕದ ಬಾಣಲೆ, ಎರಡನೇ ಟೂಲ್ ಬಾಕ್ಸು, ಯಾರೂ ಕೂರದ ಎರಡು ಕುರ್ಚಿ, ಇನ್ನೂ ಏನೇನೋ ಸೇರಿ 190 ಪೌಂಡ್ ಇಳಿಯಿತು.

ಡ್ರಾಯರ್ ಒಂದೇ ಮಾಡಿದೆ. ಮಧ್ಯದ ಡಿಕ್ಕಿಗೆ, ಅರ್ಧ ಇಂಚಿನ ಬರ್ಚ್, ಟ್ರೇ 26 ಅಗಲ, ಚಾನಲ್ 22 ಉದ್ದ. ಒಲೆ, ಮಸಾಲೆ ಡಬ್ಬಿ, ಕುಕ್ಕರ್ ಕೂರುತ್ತವೆ. ಚೌಕಟ್ಟು, ಚಾನಲ್ ಸೇರಿ 60 ಪೌಂಡ್. ರಟ್ಟಿನಲ್ಲಿ ಮಾಡಿ ನೋಡಿಯೂ ಒಂದು ತಪ್ಪಿದೆ. ಬಾಗಿಲು ಎತ್ತಿ ಹಿಡಿಯುವ ಗ್ಯಾಸ್ ಕಡ್ಡಿ ಇದೆಯಲ್ಲ, ಬಾಗಿಲು ಮುಚ್ಚಿದಾಗ ಅದು ಒಳಗೆ ಮಡಚಿಕೊಳ್ಳುತ್ತದೆ. ರಟ್ಟು ಬಗ್ಗಿ ಜಾಗ ಕೊಟ್ಟಿತ್ತು, ಪ್ಲೈವುಡ್ ಕೊಡಲಿಲ್ಲ. ಬಲ ಮೂಲೆಯನ್ನು ಮೂರು ಇಂಚು ಓರೆಯಾಗಿ ಕತ್ತರಿಸಬೇಕಾಯಿತು. ಆ ಸಂದಿಗೆ ಈಗ ಸೌಟು ಸಿಕ್ಕಿಸುತ್ತೇವೆ.

ಹಿಂದಿನ ಡಿಕ್ಕಿಗೆ ಕ್ರೇಟುಗಳೇ. ತಳಕ್ಕೆ ಚುನಾವಣೆ ಬೋರ್ಡಿನ ಸುಕ್ಕು ಪ್ಲಾಸ್ಟಿಕ್ ಹಾಸಿದೆ, ನಮ್ಮ ಬೀದಿಯಲ್ಲಿ ಕಿತ್ತು ಬಿಸಾಡಿದ್ದು ನಾಲ್ಕು ಸಿಕ್ಕಿದವು. ತಲೆಕೆಳಗಾಗಿ ಹಾಸಿದ್ದೇನೆ, ಯಾವ ಪಕ್ಷ ಅಂತ ಕೇಳಬೇಡಿ. ಕೊಳಚೆ ಪೈಪಿಗೆ ಬೇರೆ ಜಾಗ ಮಾಡಿದೆ. ಐದಿಂಚಿನ ಪ್ಲಾಸ್ಟಿಕ್ ಬೇಲಿ ಕಂಬ ಟೊಳ್ಳಾಗಿರುತ್ತದೆ, ಅದನ್ನು ಗಾಡಿಯ ಕೆಳಗೆ ಫ್ರೇಮಿಗೆ ಕಟ್ಟಿ ಪೈಪು ಒಳಗೆ ತೂರಿಸಿದೆ. ಕುಡಿಯುವ ನೀರಿನ ಪೈಪು ಇನ್ನು ಅದರ ಹತ್ತಿರವೂ ಸುಳಿಯುವುದಿಲ್ಲ.

ಮತ್ತೆ ತೂಗಿಸಿದೆವು. ಮುಂದೆ 4,870, ಹಿಂದೆ 9,440. ಫ್ಲಾಗ್‌ಸ್ಟಾಫ್ ಕಡೆ ಹತ್ತುವಾಗ ಪಕ್ಕದಲ್ಲಿ ಲಾರಿ ಹಾದುಹೋದರೆ ಗಾಡಿ ಹೊಯ್ದಾಡುತ್ತಿತ್ತು, ಅದು ಕಡಿಮೆಯಾಗಿದೆ ಅಂತ ನಮ್ಮವರು ಹೇಳುತ್ತಾರೆ.

ಹೋದ ಶನಿವಾರ ಹೊರಗೇ ಒಗ್ಗರಣೆ ಹಾಕಿದೆ. ಅಲಾರಂ ಸುಮ್ಮನಿತ್ತು. ಅಪ್ಪ ಕೆಮ್ಮಲಿಲ್ಲ, ಪಕ್ಕದ ಗಾಡಿಯ ಅಜ್ಜ ಕೆಮ್ಮಿದ. ಆಮೇಲೆ ತಟ್ಟೆ ಹಿಡಿದುಕೊಂಡು ಬಂದ. ಕರೆಂಟ್ ಕೇಬಲ್ ಈಗ ಹಿಂದಿನ ಬಾಗಿಲು ತೆಗೆದರೆ ಮೊದಲು ಕೈಗೆ ಸಿಗುತ್ತದೆ, ಹಳದಿ ಕ್ರೇಟಿನಲ್ಲಿ.

ಉಳಿದಿರುವುದು ಧೂಳು. ಮಣ್ಣು ರಸ್ತೆಯಲ್ಲಿ ಹತ್ತು ಮೈಲಿ ಹೋದರೆ ಹಿಂದಿನ ಡಿಕ್ಕಿ ತುಂಬ ರಾಗಿ ಹಿಟ್ಟು ಚೆಲ್ಲಿದ ಹಾಗೆ ಆಗುತ್ತದೆ. ಬಾಗಿಲಿನ ರಬ್ಬರ್ ಚಪ್ಪಟೆಯಾಗಿದೆ. ಒಳಗೆ ಟೊಳ್ಳಿರುವ ಡಿ ಆಕಾರದ್ದು ತರಿಸಬೇಕು ಅಂತಿದ್ದೇನೆ. ಅರ್ಧ ಇಂಚಿನದು ಸಾಕಾ, ಮುಕ್ಕಾಲು ಬೇಕಾ?

ಹುಬ್ಬಳ್ಳಿ ಬಾಡಿಬಿಲ್ಡರ್

ಊಹೆ ಬೇಡ. ಅಮ್ಮಾವರಿಗೆ ಹೇಳಿ ಸ್ವಲ್ಪ ಚಪಾತಿ ಹಿಟ್ಟು ಕಲಸಿಸಿ. ಸಣ್ಣ ಉಂಡೆ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬಾಗಿಲ ಅಂಚಿನಲ್ಲಿ ನಾಲ್ಕು ಕಡೆ ಇಟ್ಟು ಬಾಗಿಲು ಮುಚ್ಚಿ ತೆಗೀರಿ. ಉಂಡೆ ಎಷ್ಟು ದಪ್ಪ ಉಳೀತೋ ಅದೇ ನಿಮ್ಮ ಸಂದಿ. ಅದಕ್ಕಿಂತ ಸ್ವಲ್ಪ ದಪ್ಪದ ರಬ್ಬರ್ ತರಿಸಿ. ತೀರಾ ದಪ್ಪ ಬೇಡ, ಚಿಲಕ ಕೂರೋದಿಲ್ಲ.